ಅಂಟು ಹಾಕದೆ ಬಿಟ್ಟ ಜಾಗ

ಮಕ್ಕಳೇ, ಓದುವ ಮುಂಚೆ ಒಂದು ನಿಮಿಷ ಎದ್ದು ಹೋಗಿ ಮನೆಯ ಒಂದು ಬಾಗಿಲನ್ನು ನೋಡಿ ಬನ್ನಿ. ಲಂಡನ್ನಿನ ಈಸ್ಟ್ ಹ್ಯಾಮ್, ಇಲ್ಫರ್ಡ್, ಹ್ಯಾರೋ ಕಡೆಯ ನೂರು ವರ್ಷ ದಾಟಿದ ಸಾಲುಮನೆಗಳಲ್ಲಿ ಇರುವವರಿಗೆ ಈ ಆಟ ಇನ್ನೂ ಸುಲಭ. ಅಲ್ಲಿನ ಹಳೆಯ ಒಳಬಾಗಿಲುಗಳು ಹೆಚ್ಚಾಗಿ ಪೈನ್ ಮರದವು. ಸುತ್ತ ದಪ್ಪ ಪಟ್ಟಿಗಳ ಚೌಕಟ್ಟು, ನಡುವೆ ತೆಳುವಾದ ನಾಲ್ಕು ಹಲಗೆ. ಮೈಸೂರು, ಧಾರವಾಡದ ಅಜ್ಜಿಮನೆಗಳ ತೇಗದ ಬಾಗಿಲಿನಲ್ಲೂ ಇಂಥದೇ ಜೋಡಣೆ ನಿಮಗೆ ಸಿಕ್ಕೀತು.

ಜನವರಿ ತಿಂಗಳಾಗಿದ್ದರೆ ಆ ಹಲಗೆಯ ಅಂಚಿಗೆ ಮುಖ ಹತ್ತಿರ ತಂದು ನೋಡಿ. ಹಲಗೆ ಚೌಕಟ್ಟಿನೊಳಗೆ ಹೋಗುವ ಕಡೆ, ಮೇಲಿಂದ ಕೆಳಗೆ, ಬಣ್ಣವೇ ಇಲ್ಲದ ಒಂದು ಸಣ್ಣ ಗೆರೆ ಕಾಣಬಹುದು. ಬಣ್ಣ ಬಳಿದವರು ಅಷ್ಟು ಜಾಗ ಮರೆತರೇ? ಇಲ್ಲ. ಅವರು ಬಣ್ಣ ಬಳಿದ ದಿನ ಆ ಗೆರೆ ಚೌಕಟ್ಟಿನ ಒಳಗೆ ಅಡಗಿಕೊಂಡಿತ್ತು. ಈಗ ಹಲಗೆ ಕುಗ್ಗಿದೆ, ಗೆರೆ ಹೊರಗೆ ಬಂದಿದೆ. ಬೇಸಿಗೆ ಬರಲಿ, ಮತ್ತೆ ಒಳಗೆ ಹೋಗುತ್ತದೆ.

ಇದು ಹೇಗೆ ಸಾಧ್ಯವಾಯಿತು ಗೊತ್ತೇ? ಬಾಗಿಲು ಮಾಡಿದ ಬಡಗಿ ಆ ಹಲಗೆಗೆ ಅಂಟನ್ನೇ ಹಾಕಿಲ್ಲ! ಚೌಕಟ್ಟಿನ ಒಳಮೈಯಲ್ಲಿ ಒಂದು ಕಾಲುವೆ ಕೊರೆದು, ಹಲಗೆಯ ಅಂಚನ್ನು ಅದರೊಳಗೆ ಸುಮ್ಮನೆ ಇಳಿಬಿಟ್ಟಿದ್ದಾನೆ. ಚೌಕಟ್ಟಿನ ಮೂಲೆಗಳಿಗೆ ಗಟ್ಟಿ ಅಂಟು, ನಡುವಿನ ಹಲಗೆಗೆ ಬಿಡುಗಡೆ. ಮರಗೆಲಸದ ದೊಡ್ಡ ಜಾಣ್ಮೆಯೆಲ್ಲ ಇಂಥ ಕಡೆ, ಅಂಟು ಹಾಕದೆ ಬಿಟ್ಟ ಜಾಗದಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ. ಅದು ಯಾಕೆ ಅಂತ ಇವತ್ತು ಒಟ್ಟಿಗೆ ಹುಡುಕೋಣ ಬನ್ನಿ.

ಮೊದಲು ಮರದ ಒಳಗೆ ಏನಿದೆ ಎಂದು ಕಣ್ಣಿಗೆ ಕಟ್ಟಿಕೊಳ್ಳಬೇಕು. ಅಂಗಳ ಗುಡಿಸುವ ತೆಂಗಿನ ಕಡ್ಡಿಪೊರಕೆ ನೋಡಿದ್ದೀರಲ್ಲ? ನೂರಾರು ಕಡ್ಡಿಗಳು ಒಂದೇ ದಿಕ್ಕಿಗೆ ಮುಖ ಮಾಡಿ, ಒಂದಕ್ಕೊಂದು ಒತ್ತಿಕೊಂಡು ನಿಂತ ಕಟ್ಟು ಅದು. ಮರದ ಹಲಗೆಯೂ ಅಂಥದೊಂದು ಕಟ್ಟು. ಆದರೆ ಇಲ್ಲಿನ ಕಡ್ಡಿಗಳು ಬರಿಗಣ್ಣಿಗೆ ಕಾಣದಷ್ಟು ಸಪೂರ, ಜೊತೆಗೆ ಟೊಳ್ಳು. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಏರುತ್ತಿದ್ದ ಕೊಳವೆಗಳು ಇವೇ. ಇವುಗಳನ್ನು ನಾವು ನಾರು ಎನ್ನುತ್ತೇವೆ. ಹಲಗೆಯ ಮೇಲೆ ಉದ್ದುದ್ದ ಕಾಣುವ ಗೆರೆಗಳು ಆ ನಾರಿನ ದಿಕ್ಕನ್ನು ತೋರಿಸುತ್ತವೆ.

ಈಗ ಒಂದು ಕಡ್ಡಿಯ ಗೋಡೆಯೊಳಗೆ ಇಣುಕೋಣ. ಆ ಗೋಡೆ ಇನ್ನೂ ಸಣ್ಣ ಸಣ್ಣ ಎಳೆಗಳಿಂದ ಆಗಿದೆ. ಎಳೆಗಳು ಹೆಚ್ಚುಕಡಿಮೆ ಕಡ್ಡಿಯ ಉದ್ದಕ್ಕೇ ಮಲಗಿರುತ್ತವೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ನೀರಿನ ಕಣಗಳು ಮೆಲ್ಲಗೆ ಬಂದು ಎಳೆ ಎಳೆಗಳ ನಡುವೆ ತೂರಿಕೊಳ್ಳುತ್ತವೆ. ಎಳೆಗಳು ಪಕ್ಕಕ್ಕೆ ಸರಿಯುತ್ತವೆ. ಗಾಳಿ ಒಣಗಿದಾಗ ನೀರು ಹೊರಡುತ್ತದೆ, ಎಳೆಗಳು ಮತ್ತೆ ಹತ್ತಿರ ಬರುತ್ತವೆ. ಮರ ಕಡಿದು ಇನ್ನೂರು ವರ್ಷವಾದರೂ ಈ ಬರುಹೋಗು ನಿಲ್ಲುವುದಿಲ್ಲ. ಬಣ್ಣ, ಪಾಲಿಶ್ ಬಳಿದರೆ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ.

ಹಾಗಾದರೆ ಪೊರಕೆಯ ಪ್ರತಿ ಕಡ್ಡಿಯೂ ಒಂದಿಷ್ಟು ದಪ್ಪವಾಯಿತು ಎಂದುಕೊಳ್ಳಿ. ಇಡೀ ಕಟ್ಟು ಯಾವ ಕಡೆಗೆ ಬೆಳೆಯುತ್ತದೆ? ಅಗಲಕ್ಕೆ! ಉದ್ದ ಮೊದಲಿದ್ದಷ್ಟೇ. ಮರವೂ ಹಾಗೆಯೇ. ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ನಾರಿನ ಉದ್ದಕ್ಕೆ ಬದಲಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ನಿಮಗೇ ಹೊಳೆಯುತ್ತದೆ.

ಮಲೆನಾಡಿನಲ್ಲಿ ಮಳೆಗಾಲ ಬಂದರೆ ಬಾಗಿಲುಗಳು ಬಿಗಿಯುತ್ತವೆ. ಭುಜ ಕೊಟ್ಟು ತಳ್ಳಬೇಕು. ಅದು ಎಲ್ಲರಿಗೂ ಅರ್ಥವಾಗುವ ಸಂಗತಿ. ಲಂಡನ್ನಿನದು ಬೇರೆಯದೇ ಒಗಟು. ಚಳಿಗಾಲದಲ್ಲಿ ಹೊರಗೆಲ್ಲ ಜಿಟಿಜಿಟಿ ಮಳೆ, ಮಂಜು, ಒದ್ದೆ ರಸ್ತೆ. ಮನೆಯೊಳಗಿನ ಮರ ಮಾತ್ರ ಒಣಗಿ ಕುಗ್ಗುತ್ತದೆ. ಹೀಗೇಕೆ?

ತಣ್ಣನೆಯ ಗಾಳಿಗೆ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳುವ ಶಕ್ತಿ ಇಲ್ಲ. ಸ್ವಲ್ಪ ಆವಿ ಸೇರಿದರೇ ಅದಕ್ಕೆ ಹೊಟ್ಟೆ ತುಂಬುತ್ತದೆ. ಹೊರಗೆ 5 ಡಿಗ್ರಿ ಇದ್ದು, ಗಾಳಿ ತಾನು ಹಿಡಿಯಬಲ್ಲ ಆವಿಯಲ್ಲಿ 100ಕ್ಕೆ 90 ಪಾಲು ತುಂಬಿಕೊಂಡಿದೆ ಎನ್ನಿ. ಅದೇ ಗಾಳಿ ಕಿಟಕಿಯ ಸಂದಿನಿಂದ ಒಳಗೆ ಬಂದು, ರೇಡಿಯೇಟರಿನ ಶಾಖಕ್ಕೆ 20 ಡಿಗ್ರಿಗೆ ಏರಿತು. ಈಗ ಅದರ ಹೊಟ್ಟೆ ದೊಡ್ಡದಾಗಿದೆ, ಇರುವ ಆವಿ ಅಷ್ಟೇ. ಲೆಕ್ಕ ಹಾಕಿದರೆ 100ಕ್ಕೆ ಸುಮಾರು 35 ಪಾಲಿಗಿಂತಲೂ ಕಡಿಮೆ ತುಂಬಿದೆ. ಹಸಿದ ಆ ಗಾಳಿ ನಿಮ್ಮ ತುಟಿಯಿಂದ, ಕೈಯ ಚರ್ಮದಿಂದ, ಊಟದ ಮೇಜಿನಿಂದ ನೀರು ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ತುಟಿ ಒಡೆಯುವುದಕ್ಕೂ ಮೇಜಿನ ಮರ ಕುಗ್ಗುವುದಕ್ಕೂ ಈ ಒಣಗಾಳಿಯ ಕೈವಾಡವಿದೆ, ನೋಡಿ.

ಎಲ್ಲ ಮರಗಳೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಇಂಗ್ಲೆಂಡಿನ ಕಾಡುಗಳಲ್ಲಿ ಬೆಳೆಯುವ ಬೀಚ್ ಮರ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ಬೆಳವಣಿಗೆಯ ಬಳೆಗಳ ಜೊತೆಜೊತೆಗೆ ಸಾಗುವ ದಿಕ್ಕಿನಲ್ಲಿ 100ಕ್ಕೆ ಸುಮಾರು 12 ಪಾಲು ಕುಗ್ಗುತ್ತದೆ. ನಮ್ಮ ತೇಗ ಮತ್ತು ಬೀಟೆ ಅದರ ಅರ್ಧದಷ್ಟು, 5ರಿಂದ 6 ಪಾಲು. ತಿರುಳಿನಿಂದ ತೊಗಟೆಯ ಕಡೆಗೆ ಅಳೆದರೆ ಎಲ್ಲವೂ ಇನ್ನೂ ಕಡಿಮೆ, ಹೆಚ್ಚುಕಡಿಮೆ ಅರ್ಧ. ಪಾರ್ಕಿನಲ್ಲಿ ಬಿದ್ದ ಮರದ ದುಂಡನೆಯ ಬಿಲ್ಲೆ ಒಣಗುವಾಗ ಅಂಚಿನಿಂದ ತಿರುಳಿನವರೆಗೆ ಒಂದು ಸೀಳು ಬಿಡುವುದನ್ನು ಕಂಡಿದ್ದೀರಾ? ಸುತ್ತಳತೆ ಹೆಚ್ಚು ಕುಗ್ಗಿತು, ಅಡ್ಡಳತೆ ಅಷ್ಟು ಕುಗ್ಗಲಿಲ್ಲ. ಬಿಲ್ಲೆಗೆ ಬಾಯಿ ಬಿಡದೆ ಬೇರೆ ದಾರಿಯಿರಲಿಲ್ಲ.

ಎರಡು ಬೇರೆ ಬೇರೆ ಮರಗಳನ್ನು ಅಂಟಿಸಲು ಹೊರಟವರ ಕಷ್ಟ ಈಗ ಗೊತ್ತಾಯಿತೇ? ಬೀಚ್ ಪಕ್ಕದಲ್ಲಿ ತೇಗ ಅಂಟಿಸಿದರೆ ಒಂದು ಹೆಚ್ಚು ಓಡುತ್ತದೆ, ಇನ್ನೊಂದು ಕಡಿಮೆ. ಆದರೂ ನಾರುಗಳೆರಡೂ ಒಂದೇ ದಿಕ್ಕಿಗಿದ್ದರೆ, ಅಂಚಿಗೆ ಅಂಚು ತಾಗಿಸಿ ಅಂಟಿಸಿದರೆ ಹೆಚ್ಚು ತಕರಾರಿಲ್ಲ. ಎರಡೂ ತಮ್ಮತಮ್ಮ ಅಗಲಕ್ಕೆ ಹಿಗ್ಗುತ್ತವೆ; ಒಂದನ್ನೊಂದು ತಡೆಯುವುದಿಲ್ಲ. ನಿಜವಾದ ಜಗಳ ಒಂದರ ಮೇಲೊಂದು ಅಡ್ಡವಾಗಿ ಅಂಟಿಸಿದಾಗ. ಒಂದು ಅಗಲವಾಗುತ್ತೇನೆ ಎನ್ನುತ್ತದೆ. ಅದರ ಮೇಲೆ ಅಡ್ಡ ಮಲಗಿದ ಇನ್ನೊಂದರ ಉದ್ದ ಬದಲಾಗುವುದೇ ಇಲ್ಲ. ಅಂಟು ಗಟ್ಟಿಯಾಗಿದ್ದಷ್ಟೂ ಮರವೇ ಸೀಳುತ್ತದೆ.

ಎಷ್ಟು ಓಡುತ್ತದೆ ಎಂದು ಅಂದಾಜಿಗೆ ಹೇಳುತ್ತೇನೆ. ಒಂದು ಮೀಟರ್ ಅಗಲದ ಬೀಚ್ ಮೇಜು ಬೇಸಿಗೆಗೂ ಚಳಿಗಾಲಕ್ಕೂ ನಡುವೆ ಒಂದು ಸೆಂಟಿಮೀಟರಿನಷ್ಟು ಅಗಲ ಬದಲಿಸಬಹುದು. ನಿಮ್ಮ ಕಿರುಬೆರಳಿನ ಅಗಲ! ಅದಕ್ಕೇ ಒಳ್ಳೆಯ ಬಡಗಿ ಮೇಜಿನ ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟಿಸುವುದಿಲ್ಲ. ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿ ಅಂಗಾತ ಮಲಗಿ. ಇಡೀ ಮರದ ಮೇಜಾಗಿದ್ದರೆ ಅಲ್ಲಿ ಮರದ ಪುಟ್ಟ ಕೊಕ್ಕೆಗಳು ಚೌಕಟ್ಟಿನ ಕಾಲುವೆಯಲ್ಲಿ ಸಡಿಲವಾಗಿ ಕೂತಿರಬಹುದು. ಇಲ್ಲವೇ ಸ್ಕ್ರೂ ಹಾಕಿದ ರಂಧ್ರಗಳು ದುಂಡಗಿರದೆ ಉದ್ದುದ್ದ ಇರಬಹುದು. ಹಲಗೆ ಹೋಗಿ ಬರುವ ದಾರಿ ಅದು.

ದಾರಿ ಕೊಡದೆ ಹಿಡಿದರೆ ಏನಾಗುತ್ತದೆ ಎಂಬುದನ್ನು ದೊಡ್ಡ ದೊಡ್ಡವರೂ ಕಷ್ಟದಿಂದಲೇ ಕಲಿತರು. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಗೆ ನೀವು ಹೋಗಿರಬಹುದು. ಅಲ್ಲಿನ ಹಳೆಯ ಇಟಲಿಯ ಚಿತ್ರಗಳಲ್ಲಿ ಅನೇಕವು ಬಟ್ಟೆಯ ಮೇಲಲ್ಲ, ಪಾಪ್ಲರ್ ಮರದ ಹಲಗೆಯ ಮೇಲೆ ಬರೆದವು. ಹಲಗೆ ಬಾಗದಿರಲಿ ಎಂದು ಹಿಂದಿನ ಕಾಲದಲ್ಲಿ ಯೂರೋಪಿನ ರಿಪೇರಿಗಾರರು ಇಂಥ ಚಿತ್ರಗಳ ಬೆನ್ನಿಗೆ ಮರದ ಪಟ್ಟಿಗಳ ಜಾಲ ಕೂರಿಸುತ್ತಿದ್ದರು. ನಾರಿನ ಉದ್ದಕ್ಕೆ ಇರುವ ಪಟ್ಟಿಗಳಿಗೆ ಅಂಟು. ಅಡ್ಡಪಟ್ಟಿಗಳು ಮಾತ್ರ ಜಾರುವಂತೆ ಸಡಿಲ. ಎಷ್ಟು ಒಳ್ಳೆಯ ಆಲೋಚನೆ! ಆದರೆ ವರ್ಷಗಳು ಕಳೆದಂತೆ ಅಡ್ಡಪಟ್ಟಿಗಳು ಕಚ್ಚಿಕೊಂಡು ಜಾರುವುದನ್ನು ನಿಲ್ಲಿಸಿದವು. ಕುಗ್ಗಲು ಜಾಗ ಸಿಗದ ಹಲಗೆಗಳು ಬಿರುಕು ಬಿಟ್ಟವು.

ಎರಡನೇ ಮಹಾಯುದ್ಧದಲ್ಲಿ ಬಾಂಬುಗಳಿಂದ ಉಳಿಸಲು 1941ರಲ್ಲಿ ಗ್ಯಾಲರಿಯ ಚಿತ್ರಗಳನ್ನು ವೇಲ್ಸ್‌ನ ಮಾನೋಡ್ ಎಂಬಲ್ಲಿನ ಕಲ್ಲುಗಣಿಯೊಳಗೆ ಇಟ್ಟರು. ಗುಡ್ಡದ ಹೊಟ್ಟೆಯಲ್ಲಿ ಇಟ್ಟಿಗೆಯ ಕೋಣೆಗಳನ್ನು ಕಟ್ಟಿ, ಶಾಖವನ್ನೂ ತೇವವನ್ನೂ ವರ್ಷವಿಡೀ ಒಂದೇ ಮಟ್ಟದಲ್ಲಿ ಕಾದರು. ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಲಂಡನ್ನಿನಲ್ಲಿ ಸದಾ ಎದ್ದು ಬರುತ್ತಿದ್ದ ಬಣ್ಣದ ಪದರಗಳು ಅಲ್ಲಿ ಸುಮ್ಮನಾದವು. 1945ರಲ್ಲಿ ಚಿತ್ರಗಳು ಮರಳಿ ಬಂದವು, ತೊಂದರೆಯೂ ಮರಳಿ ಬಂತು. ಮರವನ್ನು ಕಟ್ಟಿಹಾಕುವುದಕ್ಕಿಂತ ಗಾಳಿಯನ್ನು ಸ್ಥಿರವಾಗಿಡುವುದು ಮೇಲು ಎಂದು ಗ್ಯಾಲರಿ ಆ ಗಣಿಯಿಂದ ಕಲಿತು, ತನ್ನ ಕೋಣೆಗಳಿಗೂ ಅಂಥ ವ್ಯವಸ್ಥೆ ತರತೊಡಗಿತು. ಈ ಕಥೆ ನನಗೆ ಬಹಳ ಇಷ್ಟ. ಪ್ರಾಣ ಉಳಿಸಿಕೊಳ್ಳಲು ಓಡಿದ ಚಿತ್ರಗಳು ದಾರಿಯಲ್ಲಿ ವಿಜ್ಞಾನ ಕಲಿಸಿದವು!

ಹಾಗಾದರೆ ಬೇರೆ ಬೇರೆ ಮರಗಳನ್ನು ಅಂಟಿಸಲೇಬಾರದೇ? ಅಂಟಿಸಬಹುದು, ಚೆನ್ನಾಗಿಯೇ ಅಂಟಿಸಬಹುದು. ಮೈಸೂರಿನಿಂದ ಬರುವಾಗ ಯಾರೋ ಉಡುಗೊರೆ ಕೊಟ್ಟ ಬೀಟೆ ಮರದ ಚಿತ್ರಫಲಕ ನಿಮ್ಮ ಗೋಡೆಯ ಮೇಲಿದ್ದರೆ ಅದನ್ನು ನೋಡಿ. ಕಪ್ಪುಗೆಂಪು ಬೀಟೆಯ ನಡುವೆ ಆನೆ, ಹಳ್ಳಿಮನೆ, ತೆಂಗಿನ ಮರ. ಹಳದಿ ಬಣ್ಣಕ್ಕೆ ಹಲಸಿನಂಥ ಮರ, ತಿಳಿ ಬಣ್ಣಕ್ಕೆ ಇನ್ನೊಂದು. ಬಣ್ಣ ಬಳಿದದ್ದಲ್ಲ, ಮರಗಳದೇ ಬಣ್ಣ. ಇಷ್ಟೊಂದು ಜಾತಿಯ ಮರಗಳು ಸೇರಿದ್ದರೂ ಇದು ಯಾಕೆ ಸಿಡಿಯುವುದಿಲ್ಲ? ತುಂಡುಗಳು ಚಿಕ್ಕವು, ತೆಳ್ಳಗಿನವು. ಒಂದು ಮೀಟರ್ ಹಲಗೆ ಒಂದು ಸೆಂಟಿಮೀಟರ್ ಓಡಿದರೆ, ಎರಡು ಸೆಂಟಿಮೀಟರಿನ ಆನೆಯ ಕಿವಿ ಓಡುವುದು ಅದರ ಐವತ್ತನೇ ಒಂದು ಪಾಲು. ತೆಳ್ಳಗಿರುವುದರಿಂದ ಹಠ ಹಿಡಿದು ಎಳೆಯುವ ಬಲವೂ ಅದಕ್ಕಿಲ್ಲ. ಕೆಳಗಿನ ಹಲಗೆ ಹೇಳಿದಂತೆ ಕೇಳುತ್ತದೆ.

ತೆಳು ಪದರಗಳ ಈ ಗುಣವನ್ನು ಹಿಡಿದು ಲಂಡನ್ ಸುತ್ತಮುತ್ತಲ ಬಡಗಿಗಳು ಒಂದು ಇಡೀ ವಿಮಾನವನ್ನೇ ಅಂಟಿಸಿದರು ಎಂದರೆ ನಂಬುತ್ತೀರಾ? ಅದರ ಹೆಸರು ಮಸ್ಕಿಟೊ. ಡಿ ಹ್ಯಾವಿಲೆಂಡ್ ಕಂಪನಿಯವರು ಲಂಡನ್ನಿನ ಉತ್ತರದ ಅಂಚಿನಾಚೆ, ಲಂಡನ್ ಕೋಲ್ನಿ ಬಳಿಯ ಸಾಲ್ಸ್‌ಬರಿ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ಕೂತು ಅದನ್ನು ರೂಪಿಸಿದರು. 1940ರ ನವೆಂಬರ್ 25ರಂದು ಮೊದಲ ಮಸ್ಕಿಟೊ ಹಾರಿತು. ಯುದ್ಧದ ಕಾಲ, ಲೋಹಕ್ಕೆ ತತ್ವಾರ. ಆದರೆ ಮರಗೆಲಸ ಬಲ್ಲ ಕೈಗಳು ಧಾರಾಳವಾಗಿದ್ದವು. ವಾಲ್ಥಮ್‌ಸ್ಟೋದ ರೈಟನ್ ಪೀಠೋಪಕರಣ ಕಾರ್ಖಾನೆ ಮಂಚ ಮೇಜುಗಳನ್ನು ಬದಿಗಿಟ್ಟು ಮಸ್ಕಿಟೊದ ಒಡಲನ್ನು ಕಟ್ಟಿತು. ಟಾಟನಂನ ಹ್ಯಾರಿಸ್ ಲೆಬಸ್ ಕಾರ್ಖಾನೆ ಹೋರ್ಸಾ ಎಂಬ ಎಂಜಿನ್ ಇಲ್ಲದ ಮರದ ವಿಮಾನಗಳ ಕೆಲಸಕ್ಕೆ ಇಳಿಯಿತು.

ಮಸ್ಕಿಟೊದ ಮೈ ಹೀಗಿತ್ತು: ಹೊರಗೊಂದು ಒಳಗೊಂದು ಬರ್ಚ್ ಮರದ ಪ್ಲೈವುಡ್, ನಡುವೆ ಸುಮಾರು ಒಂದು ಸೆಂಟಿಮೀಟರ್ ಬಾಲ್ಸಾ. ಬರ್ಚ್ ಗಟ್ಟಿ, ಬಾಲ್ಸಾ ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ಬಂದ, ಉಫ್ ಎಂದರೆ ಹಾರುವಷ್ಟು ಹಗುರ ಮರ. ರೆಕ್ಕೆಯ ಉದ್ದನೆಯ ತೊಲೆಗಳಿಗೆ ಸ್ಪ್ರೂಸ್. ಒಂದೊಂದು ಮರಕ್ಕೂ ಒಂದೊಂದು ಕೆಲಸ.

ಪ್ಲೈವುಡ್ಡಿನ ಗುಟ್ಟು ನಮ್ಮ ಪೊರಕೆಯಲ್ಲಿದೆ. ಒಂದು ತೆಳು ಪದರ ಕಡ್ಡಿಗಳನ್ನು ಉದ್ದಕ್ಕೆ ಹಾಸಿ. ಮೇಲೆ ಇನ್ನೊಂದು ಪದರವನ್ನು ಅಡ್ಡಕ್ಕೆ ಹಾಸಿ ಅಂಟಿಸಿ. ಮೂರನೆಯದು ಮತ್ತೆ ಉದ್ದಕ್ಕೆ. ಮೊದಲ ಪದರ ಅಗಲವಾಗಲು ಹೊರಟಾಗ ಅಡ್ಡ ಮಲಗಿದ ಪದರ ತಡೆಯುತ್ತದೆ, ಏಕೆಂದರೆ ಆ ದಿಕ್ಕು ಅದಕ್ಕೆ ಉದ್ದ; ಉದ್ದ ಬದಲಾಗುವುದಿಲ್ಲವಲ್ಲ! ಅಡ್ಡ ಅಂಟಿಸಿದರೆ ಮರ ಸೀಳುತ್ತದೆ ಎಂದು ಈಗಷ್ಟೇ ಹೇಳಿದ್ದೆ. ದಪ್ಪ ಹಲಗೆಗಳಿಗೆ ಅದು ನಿಜ. ಪದರಗಳು ಒಂದೆರಡು ಮಿಲಿಮೀಟರ್ ತೆಳ್ಳಗಿದ್ದಾಗ ಅವುಗಳ ಎಳೆದಾಟ ಚಿಕ್ಕದು, ಅಂಟು ಅದನ್ನು ತಾಳಿಕೊಳ್ಳುತ್ತದೆ. ಪದರಗಳ ಲೆಕ್ಕ ಮೂರು, ಐದು ಎಂದು ಬೆಸ ಇರುವುದೂ ಇದಕ್ಕೇ. ಎರಡೂ ಮೈ ಸಮವಾಗಿ ಎಳೆದರೆ ಹಲಗೆ ಬಾಗುವುದಿಲ್ಲ.

ಇನ್ನು ಅಂಟಿನ ಕಥೆ ಕೇಳಿ, ಇದು ಅಡುಗೆಮನೆಯಿಂದ ಹೊರಟದ್ದು. ಮೊದಮೊದಲ ಮಸ್ಕಿಟೊಗಳನ್ನು ಹಿಡಿದಿಟ್ಟದ್ದು ಕೇಸೀನ್ ಅಂಟು. ಕೇಸೀನ್ ಎಂದರೆ ಹಾಲಿನ ಸತ್ವ. ದೊಡ್ಡವರ ಸಹಾಯದಿಂದ ನೀವೂ ಮಾಡಿ ನೋಡಬಹುದು. ಒಂದು ಲೋಟ ಕೆನೆ ತೆಗೆದ ಹಾಲನ್ನು ಬೆಚ್ಚಗೆ ಮಾಡಿ, ಎರಡು ಚಮಚ ನಿಂಬೆರಸ ಹಿಂಡಿ. ಹಾಲು ಒಡೆಯುತ್ತದೆ. ಬಟ್ಟೆಯಲ್ಲಿ ಸೋಸಿ, ಗಟ್ಟಿಯನ್ನು ತೊಳೆದು, ಚಿಟಿಕೆ ಅಡುಗೆ ಸೋಡಾ ಮತ್ತು ಸ್ವಲ್ಪ ನೀರು ಸೇರಿಸಿ ಚೆನ್ನಾಗಿ ನಾದಿ. ಬಿಳಿಯ ನುಣುಪಾದ ಅಂಟು ಸಿದ್ಧ. ಎರಡು ಐಸ್‌ಕ್ರೀಂ ಕಡ್ಡಿಗಳನ್ನು ಅಂಟಿಸಿ, ಭಾರ ಹೇರಿ, ಒಂದು ದಿನ ಬಿಟ್ಟು ಎಳೆದು ನೋಡಿ.

ಹಾಲಿನ ಅಂಟಿಗೆ ಒಂದು ದೌರ್ಬಲ್ಯ. ತೇವ ಉಳಿದರೆ ಅದು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಲಲ್ಲವೇ! ಹಾಗಾಗಿ ಮುಂದೆ ಮಸ್ಕಿಟೊಗೆ ಏರೋಲೈಟ್ ಎಂಬ ರಾಸಾಯನಿಕ ಅಂಟು ಬಂತು. ಕೇಂಬ್ರಿಡ್ಜ್ ಹತ್ತಿರದ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬ ವಿಜ್ಞಾನಿ ರೂಪಿಸಿದ ಅಂಟು ಅದು. ಇಷ್ಟಾದರೂ ನಮ್ಮ ದೇಶದ ಹವೆ ಮಸ್ಕಿಟೊವನ್ನು ಪರೀಕ್ಷೆಗೆ ಕೂರಿಸಿತು. 1944ರ ಕೊನೆಯಲ್ಲಿ ಭಾರತದಲ್ಲಿದ್ದ ಕೆಲವು ವಿಮಾನಗಳು ಅಪಘಾತಕ್ಕೀಡಾದಾಗ ತನಿಖೆ ಮಾಡಿದವರು ರೆಕ್ಕೆಯ ಅಂಟಿನ ಜೋಡಣೆಗಳಲ್ಲಿ ದೋಷ ಕಂಡರು. ಜೋಡಿಸುವಾಗಲೇ ಅಂಟು ಸರಿಯಾಗಿ ಕೂತಿರಲಿಲ್ಲ ಎಂದರು ಕೆಲವರು. ಬಿಸಿಲು ಮತ್ತು ತೇವ ಮರವನ್ನು ಹಿಗ್ಗಿಸಿ ಕುಗ್ಗಿಸಿ ಜೋಡಣೆಯನ್ನು ಬಿಡಿಸಿದವು ಎಂದರು ಇನ್ನು ಕೆಲವರು. ಎರಡೂ ಸೇರಿದರೆ ಅಪಾಯ ಹೆಚ್ಚು ಎಂಬುದನ್ನು ನೀವೇ ಊಹಿಸಬಲ್ಲಿರಿ: ಅರೆಬರೆ ಹಿಡಿದ ಅಂಟಿನ ಮೇಲೆ ಮರ ದಿನಾ ಎಳೆದಾಡುತ್ತಿದೆ. ಮೊದಲು ಹಾರಿದ ಆ ಮಸ್ಕಿಟೊ ಇಂದಿಗೂ ಸಾಲ್ಸ್‌ಬರಿ ಹಾಲ್ ಪಕ್ಕದ ಸಂಗ್ರಹಾಲಯದಲ್ಲಿದೆ. ರಜೆಯಲ್ಲಿ ಅಪ್ಪ ಅಮ್ಮನನ್ನು ಕಾಡಿ ಕರೆದುಕೊಂಡು ಹೋಗಿ.

ಅಷ್ಟರಲ್ಲಿ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಮರದೊಳಗಿನ ನೀರನ್ನು ಅಳೆಯಲು ವಿಜ್ಞಾನಿಗಳು ಬಳಸುವ ಹಳೆಯ ಉಪಾಯ, ಅದನ್ನು ತೂಗಿ ನೋಡುವುದು. ಬಣ್ಣ, ಪಾಲಿಶ್ ಇಲ್ಲದ, ಸುಮಾರು ಅರ್ಧ ಕಿಲೋ ತೂಗುವ ಒಂದು ಮರದ ತುಂಡು ಸಂಪಾದಿಸಿ. ಅಗಲವಾಗಿ ತೆಳ್ಳಗಿದ್ದರೆ ಒಳ್ಳೆಯದು, ಬೇಗ ಉತ್ತರ ಕೊಡುತ್ತದೆ. ರೇಡಿಯೇಟರಿನಿಂದ ದೂರ, ಗಾಳಿಯಾಡುವ ಕಡೆ ಇಡಿ. ಪ್ರತಿ ತಿಂಗಳ ಮೊದಲ ದಿನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಸ್ಕೇಲಿನಲ್ಲಿ ಉದ್ದವನ್ನೂ ಅಗಲವನ್ನೂ ಅಳೆಯಿರಿ. ವರ್ಷದಲ್ಲಿ ಹತ್ತು ಇಪ್ಪತ್ತು ಗ್ರಾಂ ನೀರು ಬಂದು ಹೋಗುವುದನ್ನು ನೀವೇ ಹಿಡಿಯಬಹುದು.

ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಇರುವ ಅಣ್ಣ ಅಕ್ಕಂದಿರಿಗೂ ಅದೇ ಕೆಲಸ ಹೇಳಿ. ಅವರ ತುಂಡು ಮಳೆಗಾಲದಲ್ಲಿ ಭಾರವಾಗುತ್ತದೆ. ನಿಮ್ಮದು ಯಾವ ತಿಂಗಳು ಹಗುರವಾಗುತ್ತದೆ ಎಂದು ಮೊದಲೇ ಊಹಿಸಿ ಪುಸ್ತಕದಲ್ಲಿ ಬರೆದಿಡಿ. ಪಕ್ಕದಲ್ಲಿ ಆ ದಿನ ಹೀಟರ್ ಹಾಕಿತ್ತೇ ಇಲ್ಲವೇ ಎಂಬುದನ್ನೂ ಸೇರಿಸಿ, ಏಕೆಂದರೆ ತೂಕ ಯಾಕೆ ಇಳಿಯಿತು ಎಂದು ಆಮೇಲೆ ಲೆಕ್ಕ ಕೇಳಿದಾಗ ನಿಮಗೆ ಬೇಕಾಗುವುದು ಅದೇ.